ರೈಲು ಹಳಿಯ ಮೇಲೆ ಬಂದ ಟ್ಯಾಂಕುಗಳು

1987ರ ಅಕ್ಟೋಬರ್‌ ಎರಡನೇ ವಾರ. ಶ್ರೀಲಂಕಾದ ಜಾಫ್ನಾ ಪಟ್ಟಣಕ್ಕೆ ಹೋಗುವ ರಸ್ತೆಗಳಲ್ಲೆಲ್ಲ ನೆಲಬಾಂಬು ಹೂತಿದ್ದರು. ವಿಶ್ವವಿದ್ಯಾಲಯದ ಸುತ್ತಲಿನ ಮನೆಗಳಲ್ಲಿ ಸಿಕ್ಕಿಬಿದ್ದಿದ್ದ ಭಾರತೀಯ ಕಮಾಂಡೊಗಳನ್ನು ಹೇಗಾದರೂ ಬಿಡಿಸಿ ತರಬೇಕಿತ್ತು. ಮೇಜರ್ ಅನಿಲ್ ಕೌಲ್ ರಸ್ತೆಯ ಗೊಡವೆಗೇ ಹೋಗದೆ ಮೂರು ಟಿ-72 ಟ್ಯಾಂಕುಗಳನ್ನು ರೈಲು ಹಳಿಯ ಮೇಲೆ ಹತ್ತಿಸಿದರು. 1956ರಿಂದ ಕೊಲಂಬೊ ಮತ್ತು ಕಾಂಕೇಸಂತುರೈ ನಡುವೆ ‘ಯಾಳ್ ದೇವಿ’ ರೈಲು ಓಡಾಡುತ್ತಿದ್ದ ಹಳಿ ಅದು. ಮಾವಿನಹಣ್ಣಿನ ಬುಟ್ಟಿ, ಶಾಲೆಯ ಟ್ರಂಕು, ಮದುವೆಯ ದಿಬ್ಬಣ ಸಾಗುತ್ತಿದ್ದ ದಾರಿಯಲ್ಲಿ ನಲವತ್ತು ಟನ್ನಿಗೂ ಮೀರಿದ ಉಕ್ಕಿನ ಗಾಡಿಗಳು ಊರೊಳಗೆ ಬಂದವು.

ಜಾಫ್ನಾವನ್ನು ತಮಿಳರು ಯಾಳ್ಪಾಣಂ ಎನ್ನುತ್ತಾರೆ. ನದಿಯಿಲ್ಲದ ನಾಡು, ಬಾವಿ ನೀರೇ ಗತಿ. ಆ ನೀರಿನಲ್ಲೇ ಹೊಗೆಸೊಪ್ಪು, ಈರುಳ್ಳಿ, ಮೆಣಸಿನಕಾಯಿ ಬೆಳೆದು, ಅದರಿಂದ ಬಂದ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದ ಜನ. ಎಲ್ಲಿ ನೋಡಿದರೂ ತಾಳೆಮರ. ಪ್ರತಿ ಮನೆಗೂ ಒಂದು ಹಿತ್ತಿಲು, ಹಿತ್ತಿಲ ಸುತ್ತ ತಾಳೆಗರಿಯ ಬೇಲಿ ಅಥವಾ ಆಳೆತ್ತರದ ಗೋಡೆ, ಎರಡು ಬೇಲಿಗಳ ನಡುವೆ ಸೈಕಲ್ಲು ಹೋಗುವಷ್ಟು ಅಗಲದ ಮರಳಿನ ಓಣಿ. ಓಣಿ ತಿರುಗಿ ಇನ್ನೊಂದು ಓಣಿಗೆ ಸೇರುತ್ತದೆ, ಅದು ಮತ್ತೊಂದಕ್ಕೆ. ಊರಿನ ಹುಡುಗನಿಗೆ ಕಣ್ಣು ಕಟ್ಟಿದರೂ ದಾರಿ ಗೊತ್ತು. ಹೊರಗಿನವನಿಗೆ ಬೇಲಿಯಾಚೆ ಏನಿದೆ ಎಂಬುದೇ ಕಾಣದು. ಮುಂದೆ ನಡೆದ ಕದನವನ್ನು ಅರ್ಥಮಾಡಿಕೊಳ್ಳಲು ಈ ಬೇಲಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಯುದ್ಧ ಈ ಊರಿಗೆ ಒಂದೇ ದಿನದಲ್ಲಿ ಬರಲಿಲ್ಲ. 1981ರ ಮೇ 31ರ ರಾತ್ರಿ ಪೊಲೀಸರೂ ಅವರ ಜೊತೆಗಿದ್ದ ಗುಂಪೂ ಜಾಫ್ನಾದ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿಯಿಟ್ಟರು. ಸುಮಾರು 97,000 ಪುಸ್ತಕಗಳು, ಅವುಗಳೊಂದಿಗೆ ಎಷ್ಟೋ ತಾಳೆಗರಿ ಗ್ರಂಥಗಳು ಬೂದಿಯಾದವು. ಆ ಗ್ರಂಥಾಲಯ ರೂಪುಗೊಳ್ಳುವಾಗ ಸಲಹೆ ಕೊಟ್ಟವರು ಎಸ್.ಆರ್. ರಂಗನಾಥನ್, ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಇಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಕಟ್ಟಿದ ಅದೇ ರಂಗನಾಥನ್. ಕಟ್ಟಡ ಉದ್ಘಾಟಿಸಿದ ಮೇಯರ್ ಆಲ್‌ಫ್ರೆಡ್ ದುರೈಯಪ್ಪ 1975ರಲ್ಲೇ ಗುಂಡಿಗೆ ಬಲಿಯಾಗಿದ್ದರು. ಹೊಡೆದವನು ವೇಲುಪಿಳ್ಳೈ ಪ್ರಭಾಕರನ್, ಆಗಿನ್ನೂ ಇಪ್ಪತ್ತರ ಹುಡುಗ. 1983ರ ಜುಲೈ 23ರಂದು ಊರಂಚಿನ ತಿರುನೆಲ್ವೇಲಿಯಲ್ಲಿ ಅವನ ಎಲ್‌ಟಿಟಿಇ ಶ್ರೀಲಂಕಾ ಸೇನೆಯ 13 ಸೈನಿಕರನ್ನು ಕೊಂದಿತು. ಅದರ ಬೆನ್ನಿಗೇ ಕೊಲಂಬೊದಲ್ಲಿ ತಮಿಳರ ಹತ್ಯಾಕಾಂಡ. ಅಲ್ಲಿಂದ ಮುಂದೆ ಅಂತರ್ಯುದ್ಧ.

ಜಾಫ್ನಾದ ಬೀದಿಯಲ್ಲಿ ಮೊದಲು ಹರಿದದ್ದು ಸೈನಿಕರ ರಕ್ತ ಮಾತ್ರ ಅಲ್ಲ. 1986ರ ಏಪ್ರಿಲ್-ಮೇನಲ್ಲಿ ಎಲ್‌ಟಿಟಿಇ ತನ್ನದೇ ಜನರ ಇನ್ನೊಂದು ಸಂಘಟನೆಯಾದ ಟೆಲೊದ ಹುಡುಗರನ್ನು ಊರಿನ ನಡುವೆಯೇ ಬೇಟೆಯಾಡಿತು. ಅದರ ನಾಯಕ ಶ್ರೀ ಸಬಾರತ್ನಂನನ್ನೂ ಬಿಡಲಿಲ್ಲ. ಆ ಹೊತ್ತಿಗೆ ಶ್ರೀಲಂಕಾ ಸೇನೆ ಡಚ್ಚರ ಕಾಲದ ಐಮೂಲೆ ಕೋಟೆಯೊಳಗೆ ಬಂದಿಯಂತಿತ್ತು. ಊರು ಎಲ್‌ಟಿಟಿಇಯ ‘ಟೈಗರ್‌’ಗಳ ಕೈಯಲ್ಲಿತ್ತು.

1987ರ ಜೂನ್ 4ರಂದು ಬೆಂಗಳೂರಿನಿಂದ ಹೊರಟ ಭಾರತೀಯ ವಾಯುಪಡೆಯ ಐದು ಎಎನ್-32 ವಿಮಾನಗಳು ಮಿರಾಜ್‌ಗಳ ಕಾವಲಿನಲ್ಲಿ ಜಾಫ್ನಾದ ಮೇಲೆ ಹಾರಿ, ಸುಮಾರು 25 ಟನ್ ಆಹಾರ, ಔಷಧಿಗಳನ್ನು ಇಳಿಬಿಟ್ಟವು. ಜುಲೈ 29ರಂದು ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಶಾಂತಿಪಾಲನಾ ಪಡೆಯಾಗಿ ಬಂದಿಳಿದ ಭಾರತೀಯ ಜವಾನರಿಗೆ ಜಾಫ್ನಾದ ಜನ ಹಾರ ಹಾಕಿ ಬರಮಾಡಿಕೊಂಡರು. ಆ ಹಾರ ಬಾಡಲು ಎರಡೂವರೆ ತಿಂಗಳು ಸಾಕಾಯಿತು. ನಲ್ಲೂರು ದೇವಸ್ಥಾನದ ಎದುರು ಒಂದು ಹನಿ ನೀರೂ ಮುಟ್ಟದೆ ಉಪವಾಸ ಕೂತ ಎಲ್‌ಟಿಟಿಇಯ ತಿಲೀಪನ್ ಸೆಪ್ಟೆಂಬರ್ 26ರಂದು ಸತ್ತ. ಅಕ್ಟೋಬರ್ 5ರಂದು, ಸೆರೆಸಿಕ್ಕು ಕೊಲಂಬೊಗೆ ಸಾಗಿಸಲು ಸಿದ್ಧವಾಗಿದ್ದ 17 ಟೈಗರ್‌ಗಳು ಸೈನೈಡ್ ನುಂಗಿದರು. 12 ಮಂದಿ ಉಳಿಯಲಿಲ್ಲ. ಕೊರಳಲ್ಲಿ ತೂಗುತ್ತಿದ್ದ ಆ ಗುಳಿಗೆಯ ಭೀಕರತೆ ಕನ್ನಡಿಗರಿಗೆ ಕಣ್ಣಾರೆ ತಿಳಿದದ್ದು ನಾಲ್ಕು ವರ್ಷಗಳ ನಂತರ, ರಾಜೀವ್ ಹತ್ಯೆಯ ಸಂಚುಕೋರರು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಹೆಣವಾಗಿ ಸಿಕ್ಕಾಗ.

ಅಕ್ಟೋಬರ್ 10ರಂದು ಟೈಗರ್‌ಗಳ ವಿರುದ್ಧ ಭಾರತೀಯ ಸೇನೆಯ ‘ಆಪರೇಷನ್ ಪವನ್’ ಶುರುವಾಯಿತು. 54ನೇ ಪದಾತಿ ಡಿವಿಷನ್‌ನ ಮುಖ್ಯಸ್ಥ ಮೇಜರ್ ಜನರಲ್ ಹರ್‌ಕೀರತ್ ಸಿಂಗ್. ಊರನ್ನು ಬೇಗ ಹಿಡಿದುಬಿಡಬಹುದು ಎಂಬ ಲೆಕ್ಕ ದೆಹಲಿಯಲ್ಲಿತ್ತು. ಆ ಲೆಕ್ಕ ಹಾಕಿದವರಿಗೆ ಓಣಿಗಳ ಅರಿವಿರಲಿಲ್ಲ. ಜವಾನರ ಕೈಯಲ್ಲಿದ್ದ ನಕ್ಷೆಗಳು ಹಳೆಯವು, ಬಂದೂಕು ಭಾರದ ಎಸ್‌ಎಲ್‌ಆರ್. ಎದುರಿಗಿದ್ದವರ ಕೈಯಲ್ಲಿ ಎಕೆ-47, ವಾಕಿಟಾಕಿ. ಅವರಲ್ಲಿ ಹಲವರಿಗೆ ಬಂದೂಕು ಹಿಡಿಯಲು ಕಲಿಸಿದ್ದು ಭಾರತದ್ದೇ ಶಿಬಿರಗಳು.

ಅಕ್ಟೋಬರ್ 11ರ ನಡುರಾತ್ರಿ ಎಂಐ-8 ಹೆಲಿಕಾಪ್ಟರ್‌ಗಳು ವಿಶ್ವವಿದ್ಯಾಲಯದ ಮೈದಾನಕ್ಕೆ ಇಳಿಯತೊಡಗಿದವು. ಕೊಕ್ಕುವಿಲ್‌ನಲ್ಲಿದ್ದ ಟೈಗರ್‌ಗಳ ಮುಖ್ಯ ಠಾಣ್ಯಕ್ಕೆ ನುಗ್ಗಿ ಪ್ರಭಾಕರನ್‌ನನ್ನು ಹಿಡಿಯುವುದು ಯೋಜನೆ. ಆದರೆ ಸೇನೆಯ ರೇಡಿಯೊ ಮಾತುಗಳನ್ನು ಟೈಗರ್‌ಗಳು ಮೊದಲೇ ಕದ್ದು ಕೇಳಿ, ಮೈದಾನದ ಸುತ್ತ ಬಂದೂಕು ಹೂಡಿ ಕಾದಿದ್ದರು. 103 ಪ್ಯಾರಾ ಕಮಾಂಡೊಗಳು, 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜವಾನರು ಇಳಿದ ಮೇಲೆ ಹೆಲಿಕಾಪ್ಟರ್‌ಗಳಿಗೆ ಮತ್ತೆ ಬರಲಾಗಲಿಲ್ಲ. ಆ 30 ಮಂದಿ ಕತ್ತಲಲ್ಲಿ, ಗುರುತಿಲ್ಲದ ಬಯಲಿನಲ್ಲಿ ಗುಂಡು ಮುಗಿಯುವವರೆಗೆ ಕಾದಿದರು. 29 ಮಂದಿ ಸತ್ತರು. ಒಬ್ಬ ಸೆರೆಯಾದ. ನೆರವಿಗೆ ಯಾರೂ ಬರುವುದಿಲ್ಲ ಎಂಬುದು ಅವರಿಗೆ ಯಾವ ಹೊತ್ತಿನಲ್ಲಿ ಮನವರಿಕೆಯಾಗಿರಬಹುದು ಎಂದು ನೆನೆದರೆ ಇಂದಿಗೂ ಎದೆ ಹಿಂಡುತ್ತದೆ. ಆರು ಜನರನ್ನು ಕಳೆದುಕೊಂಡ ಕಮಾಂಡೊಗಳು ಮನೆಗಳೊಳಗೆ ಹೊಕ್ಕು ತಡೆದು ನಿಂತರು. ಅವರಿಗಾಗಿಯೇ ಹಳಿಯ ಮೇಲೆ ಆ ಟ್ಯಾಂಕುಗಳು ಬಂದದ್ದು. ಅದೇ ಕೊಕ್ಕುವಿಲ್‌ನ ಓಣಿಗಳಲ್ಲಿ ಬಂದೂಕು ಮುಟ್ಟದ ಜನರ ಹೆಣಗಳೂ ಬಿದ್ದವು.

ಉಳಿದ ಬ್ರಿಗೇಡುಗಳು ಬೇರೆ ಬೇರೆ ದಿಕ್ಕಿನಿಂದ ಗಜ ಗಜ ಲೆಕ್ಕದಲ್ಲಿ ಮುಂದೆ ಬಂದವು. ರಸ್ತೆಯಲ್ಲಿ ನಡೆದರೆ ನೆಲಬಾಂಬು. ಬೇಲಿ ದಾಟಿದರೆ ಛಾವಣಿಯಿಂದಲೋ ಮರದ ತಲೆಯಿಂದಲೋ ಗುಂಡು. ಗುಂಡು ಬಂದ ಮನೆಗೆ ನುಗ್ಗಿದರೆ ಹೊಡೆದವನು ಹಿತ್ತಿಲಿನಿಂದ ಹಿತ್ತಿಲಿಗೆ ಹಾದು ಇನ್ನೊಂದು ಓಣಿ ಸೇರಿರುತ್ತಿದ್ದ, ಸಿಗುತ್ತಿದ್ದವರು ಮನೆಯವರು. ಫಿರಂಗಿ ಸದ್ದಿಗೆ ಸಾವಿರಾರು ಜನ ನಲ್ಲೂರು ಕಂದಸ್ವಾಮಿ ಗುಡಿಯಂಗಳದಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಮಲಗಿದರು.

ಅಕ್ಟೋಬರ್ 21, ದೀಪಾವಳಿ. ಸೇನೆ ಜಾಫ್ನಾದ ದೊಡ್ಡಾಸ್ಪತ್ರೆಯೊಳಗೆ ನುಗ್ಗಿತು. ಅಲ್ಲಿಂದ ತಮ್ಮ ಮೇಲೆ ಗುಂಡು ಬಂತು ಎಂದು ಸೇನೆ ಹೇಳಿತು. ಸೇನೆ ಬರುವ ಹೊತ್ತಿಗೆ ಟೈಗರ್‌ಗಳು ಹೊರಟುಹೋಗಿದ್ದರು ಎಂದು ಬದುಕುಳಿದ ಸಿಬ್ಬಂದಿ ಹೇಳಿದರು. ರೋಗಿಗಳು, ದಾದಿಯರು, ವೈದ್ಯರು ಸೇರಿ 60ರಿಂದ 70 ಮಂದಿ ಸತ್ತರು. ಬದುಕಿದವರು ಇಡೀ ರಾತ್ರಿ ಹೆಣಗಳ ನಡುವೆ ಉಸಿರು ಬಿಗಿಹಿಡಿದು ಬಿದ್ದುಕೊಂಡಿದ್ದರು. ಮರುದಿನ ಕೈಯೆತ್ತಿಕೊಂಡು, ನಾವು ಆಸ್ಪತ್ರೆಯವರು ಎಂದು ಕೂಗುತ್ತ ಬಂದ ಮಕ್ಕಳ ವೈದ್ಯರೊಬ್ಬರನ್ನೂ ಗುಂಡು ಬಿಡಲಿಲ್ಲ. ನಮ್ಮ ಸೇನೆಯ ಶೌರ್ಯವನ್ನು ಹೆಮ್ಮೆಯಿಂದ ನೆನೆಯುವ ನಾವು ಈ ಎರಡು ದಿನಗಳನ್ನೂ ನೆನಪಿಡಬೇಕಾದದ್ದು ನ್ಯಾಯ.

ತಿಂಗಳ ಕೊನೆಯ ವಾರದಲ್ಲಿ ಊರು ಭಾರತೀಯ ಸೇನೆಯ ವಶವಾಯಿತು. ಅಷ್ಟರಲ್ಲಿ 200ಕ್ಕೂ ಹೆಚ್ಚು ಜವಾನರು ಸತ್ತಿದ್ದರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಹಿಂದಿರುಗುವ ಹೊತ್ತಿಗೆ ಆ ಸಂಖ್ಯೆ 1,200ರ ಹತ್ತಿರ ಬಂದಿತ್ತು. ಊರಿನವರ ಸಾವಿಗೆ ಇಂಥ ಪಟ್ಟಿ ಮಾಡಲು ಯಾವ ಸರ್ಕಾರವೂ ಕೂರಲಿಲ್ಲ. ವಿಶ್ವವಿದ್ಯಾಲಯದ ನಾಲ್ವರು ಅಧ್ಯಾಪಕರು ಮಾತ್ರ ಕೂತರು. ‘ದಿ ಬ್ರೋಕನ್ ಪಾಮೈರಾ’ ಎಂಬ ಪುಸ್ತಕದಲ್ಲಿ ಅವರು ಶ್ರೀಲಂಕಾ ಸೇನೆ, ಟೈಗರ್‌ಗಳು, ಭಾರತೀಯ ಸೇನೆ ಮೂವರ ಕೃತ್ಯಗಳನ್ನೂ ಬರೆದಿಟ್ಟರು. ಅವರಲ್ಲೊಬ್ಬರಾದ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕಿ ರಜನಿ ತಿರಣಗಮ 1989ರ ಸೆಪ್ಟೆಂಬರ್ 21ರಂದು ಸೈಕಲ್ಲಿನಲ್ಲಿ ಮನೆಗೆ ಮರಳುತ್ತಿದ್ದಾಗ ಅವರನ್ನು ಗುಂಡಿಕ್ಕಿ ಕೊಂದರು.

ಭಾರತೀಯ ಸೇನೆ ಹೋದ ಮೂರೇ ತಿಂಗಳಿಗೆ ಕೋಟೆಗೆ ಟೈಗರ್‌ಗಳ ಮುತ್ತಿಗೆ ಬಿತ್ತು. ಮೂರು ತಿಂಗಳ ಕಾದಾಟದ ಬಳಿಕ 1990ರ ಸೆಪ್ಟೆಂಬರ್‌ನಲ್ಲಿ ಶ್ರೀಲಂಕಾ ಸೇನೆ ಅದನ್ನು ಬಿಟ್ಟುಹೋಯಿತು. ಒಳಗಿದ್ದ 1706ರ ಡಚ್ ಚರ್ಚು ಕಲ್ಲಿನ ರಾಶಿಯಾಗಿತ್ತು. ಅಕ್ಟೋಬರ್ 30ರಂದು ಟೈಗರ್‌ಗಳು ಜಾಫ್ನಾದ ಮುಸ್ಲಿಮರನ್ನು ಮೈದಾನಕ್ಕೆ ಕರೆದು ಎರಡು ಗಂಟೆಯೊಳಗೆ ಊರು ಬಿಡಿ ಎಂದರು. ತಲೆಮಾರುಗಳಿಂದ ನೆರೆಹೊರೆಯಾಗಿದ್ದವರು ಒಡವೆ, ಮನೆಯ ಕೀಲಿ ಎಲ್ಲ ಬಿಟ್ಟು ನಡೆದರು.

ಉಳಿದವರಿಗೆ ಕರೆಂಟಿಲ್ಲ, ಪೆಟ್ರೋಲಿಲ್ಲ, ಬ್ಯಾಟರಿಗೂ ನಿಷೇಧ. ಖಾಲಿ ಜಾಮ್ ಬಾಟಲಿಯ ತಳದಲ್ಲಿ ಒಂದಿಷ್ಟು ಹತ್ತಿ, ಅದು ನೆನೆಯುವಷ್ಟೇ ಸೀಮೆಎಣ್ಣೆ, ನಡುವೆ ಸಣ್ಣ ಬತ್ತಿ. ಬಾಟಲಿಯೊಳಗೇ ಉರಿಯುವ ಆ ದೀಪದ ಸುತ್ತ ಕೂತು ಒಂದು ತಲೆಮಾರಿನ ಮಕ್ಕಳು ಪರೀಕ್ಷೆಗೆ ಓದಿದರು. ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ಪೆಡಲನ್ನು ಕೈಯಲ್ಲಿ ತಿರುಗಿಸಿ, ಡೈನಮೊದಿಂದ ರೇಡಿಯೊಗೆ ಜೀವ ಕೊಟ್ಟು ವಾರ್ತೆ ಕೇಳುತ್ತಿದ್ದರು. ಮೋಟರ್‌ಸೈಕಲ್ಲಿಗೆ ನಾಲ್ಕು ಹನಿ ಪೆಟ್ರೋಲು ಕುಡಿಸಿ ಎಬ್ಬಿಸಿದರೆ ಆಮೇಲೆಲ್ಲ ಸೀಮೆಎಣ್ಣೆಯ ಮೇಲೆ ಓಟ.

1995ರ ಅಕ್ಟೋಬರ್ 30ರ ಸಂಜೆ ಇನ್ನೊಂದು ಅಪ್ಪಣೆ. ಶ್ರೀಲಂಕಾ ಸೇನೆ ಹತ್ತಿರ ಬರುತ್ತಿದೆ, ಎಲ್ಲರೂ ಹೊರಡಿ ಎಂದು ಟೈಗರ್‌ಗಳು ಮೈಕಿನಲ್ಲಿ ಸಾರಿದರು. ಸುರಿಯುವ ಮಳೆಯಲ್ಲಿ ಸುಮಾರು ನಾಲ್ಕು ಲಕ್ಷ ಜನ, ಮುದುಕರನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು, ನಾವತ್ಕುಳಿಯ ಕಡೆಗೆ ಇಂಚಿಂಚಾಗಿ ಸರಿದರು. ಡಿಸೆಂಬರ್‌ನಲ್ಲಿ ಸೇನೆ ಬಾವುಟ ಏರಿಸಿದಾಗ ಊರಿನಲ್ಲಿ ಜನವೇ ಇರಲಿಲ್ಲ.

1990ರಲ್ಲಿ ನಿಂತ ರೈಲಿನ ಹಳಿ, ಸ್ಲೀಪರ್‌ಗಳನ್ನು ಕಿತ್ತು ಬಂಕರುಗಳಿಗೆ ಬಳಸಿದ್ದರು. 2009ರಲ್ಲಿ ಯುದ್ಧ ಮುಗಿದ ಮೇಲೆ ಭಾರತದ ಇರ್ಕಾನ್ ಹೊಸದಾಗಿ ಹಳಿ ಹಾಕಿತು. 2014ರ ಅಕ್ಟೋಬರ್ 13ರಂದು ಯಾಳ್ ದೇವಿ ಮತ್ತೆ ಜಾಫ್ನಾ ನಿಲ್ದಾಣಕ್ಕೆ ಬಂತು. ಮುಂದಿನ ಜನವರಿಯಲ್ಲಿ ಅದು ಕೊಕ್ಕುವಿಲ್ ದಾಟಿ, ಟ್ಯಾಂಕುಗಳು ಬಂದಿದ್ದ ದಾರಿಯಲ್ಲೇ, ಕಾಂಕೇಸಂತುರೈವರೆಗೆ ಹೋಯಿತು.