ಇ-ದ್ರವದ ಮನೆ ತಯಾರಿಕೆ

ಇ-ದ್ರವದ ಮನೆ ತಯಾರಿಕೆ ಎಂದರೆ ಇಲೆಕ್ಟ್ರಾನಿಕ್ ಸಿಗರೇಟಿನಲ್ಲಿ ಬಳಸುವ ದ್ರವವನ್ನು ಬಳಕೆದಾರರು ಅಂಗಡಿಯಿಂದ ಸಿದ್ಧರೂಪದಲ್ಲಿ ಕೊಳ್ಳದೆ, ಅದರ ಘಟಕಗಳನ್ನು ಪ್ರತ್ಯೇಕವಾಗಿ ತಂದು ತಾವೇ ಅಳೆದು ಬೆರೆಸಿಕೊಳ್ಳುವುದು. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆಯ ಸಾರ ಮತ್ತು ಬೇಕೆನಿಸಿದರೆ ನಿಕೋಟಿನ್ ಇದರ ಘಟಕಗಳು. ಬ್ರಿಟನ್, ಯುರೋಪಿನ ಹಲವು ದೇಶಗಳು ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಪದ್ಧತಿ ರೂಢಿಯಲ್ಲಿದೆ. ಭಾರತದಲ್ಲಿ ಇಲೆಕ್ಟ್ರಾನಿಕ್ ಸಿಗರೇಟುಗಳ ತಯಾರಿಕೆ, ಮಾರಾಟ ಮತ್ತು ಸಂಗ್ರಹಣೆಯನ್ನು 2019ರ ಕಾಯಿದೆಯು ನಿಷೇಧಿಸಿದೆ. ಬೆರೆಸುವ ಕ್ರಿಯೆ ನೋಡಲು ಸರಳವಾದರೂ ನಿಕೋಟಿನ್ ವಿಷಕಾರಿಯಾದುದರಿಂದಲೂ ಸಿದ್ಧವಾದ ದ್ರವವು ಹೊಟ್ಟೆಗಲ್ಲದೆ ಶ್ವಾಸಕೋಶಕ್ಕೆ ಹೋಗುವುದರಿಂದಲೂ ಅಳತೆ ಮತ್ತು ಘಟಕಗಳ ಶುದ್ಧತೆ ಇದರಲ್ಲಿ ಮುಖ್ಯವಾಗುತ್ತವೆ.

ಹಿನ್ನೆಲೆ

ಇಂದಿನ ರೂಪದ ಇಲೆಕ್ಟ್ರಾನಿಕ್ ಸಿಗರೇಟನ್ನು ಚೀನಾದ ಔಷಧ ತಜ್ಞ ಹೊನ್ ಲಿಕ್ 2003ರಲ್ಲಿ ರೂಪಿಸಿದನು. ಕೆಲವೇ ವರ್ಷಗಳಲ್ಲಿ ಅದು ಯುರೋಪ್ ಮತ್ತು ಅಮೆರಿಕಗಳ ಮಾರುಕಟ್ಟೆಯನ್ನು ತಲುಪಿತು. ಸಾಧನದೊಳಗಿನ ಸಣ್ಣ ಲೋಹದ ಸುರುಳಿಯು ವಿದ್ಯುತ್ತಿನಿಂದ ಕಾದು, ಬತ್ತಿಯಲ್ಲಿ ಹೀರಿಕೊಂಡ ದ್ರವವನ್ನು ಆವಿಯಾಗಿಸುತ್ತದೆ. ಆ ಆವಿಯು ತಣಿದು ಸೂಕ್ಷ್ಮ ಹನಿಗಳ ಮಂಜಾಗಿ ಬಳಕೆದಾರನ ಉಸಿರಿನೊಡನೆ ಒಳಸೇರುತ್ತದೆ. ಇಲ್ಲಿ ಹೊಗೆಸೊಪ್ಪು ಉರಿಯುವುದಿಲ್ಲ. ಆದ್ದರಿಂದ ಬೂದಿಯೂ ಟಾರೂ ಉಂಟಾಗುವುದಿಲ್ಲ.

ಮರುಭರ್ತಿ ಮಾಡಬಹುದಾದ ತೊಟ್ಟಿಯುಳ್ಳ ಸಾಧನಗಳು ಬಂದ ಮೇಲೆ ದ್ರವವನ್ನು ಬೇರೆಯಾಗಿ ಕೊಳ್ಳುವ, ಅನಂತರ ಬೆರೆಸಿಕೊಳ್ಳುವ ರೂಢಿ ಬೆಳೆಯಿತು. ಖರ್ಚು ತಗ್ಗಿಸುವುದು, ರುಚಿಯನ್ನು ತಮ್ಮ ಇಚ್ಛೆಗೆ ಹೊಂದಿಸಿಕೊಳ್ಳುವುದು ಮತ್ತು ನಿಕೋಟಿನ್ ಪ್ರಮಾಣವನ್ನು ಹಂತಹಂತವಾಗಿ ಇಳಿಸುವುದು ಇದರ ಸಾಮಾನ್ಯ ಉದ್ದೇಶಗಳು. ಯುರೋಪ್ ಒಕ್ಕೂಟದ 2014ರ ತಂಬಾಕು ಉತ್ಪನ್ನಗಳ ನಿರ್ದೇಶನವೂ ಪರೋಕ್ಷವಾಗಿ ಇದಕ್ಕೆ ಇಂಬು ಕೊಟ್ಟಿತು. ನಿಕೋಟಿನ್ ಇರುವ ದ್ರವವನ್ನು 10 ಮಿಲಿಲೀಟರಿಗಿಂತ ದೊಡ್ಡ ಸೀಸೆಯಲ್ಲಿ ಮಾರಬಾರದು, ಅದರ ಸಾಂದ್ರತೆ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರಬಾರದು ಎಂದು ಆ ನಿರ್ದೇಶನವು ವಿಧಿಸುತ್ತದೆ. ನಿಕೋಟಿನ್ ಇಲ್ಲದ ದ್ರವಕ್ಕೆ ಈ ಮಿತಿ ಅನ್ವಯಿಸದ ಕಾರಣ, ಸ್ವಲ್ಪ ಜಾಗ ಖಾಲಿ ಬಿಟ್ಟು ತುಂಬಿದ ದೊಡ್ಡ ಸೀಸೆಗಳೂ ಅದರೊಳಗೆ ಸುರಿದುಕೊಳ್ಳಲು ಚಿಕ್ಕ ನಿಕೋಟಿನ್ ಸೀಸೆಗಳೂ ಮಾರುಕಟ್ಟೆಗೆ ಬಂದವು. ಮನೆ ತಯಾರಿಕೆಯ ಅತ್ಯಂತ ಸರಳ ರೂಪ ಇದೇ.

ಘಟಕಗಳು

ಪ್ರೊಪಿಲೀನ್ ಗ್ಲೈಕಾಲ್: ಬಣ್ಣವಿಲ್ಲದ, ತೆಳುವಾದ ದ್ರವ. ಸುಮಾರು 188 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕುದಿಯುತ್ತದೆ. ಸುವಾಸನೆಯ ಸಾರಗಳು ಇದರಲ್ಲಿ ಚೆನ್ನಾಗಿ ಕರಗುತ್ತವೆ. ಇದರ ಪಾಲು ಹೆಚ್ಚಿದಷ್ಟೂ ಗಂಟಲಿಗೆ ತಾಗುವ ಅನುಭವ ಹೆಚ್ಚುತ್ತದೆ. ಕೆಲವರಲ್ಲಿ ಇದು ಗಂಟಲಿನ ಕೆರೆತವನ್ನುಂಟುಮಾಡುತ್ತದೆ.

ಗ್ಲಿಸರಿನ್: ಸಸ್ಯಜನ್ಯ ಎಣ್ಣೆಗಳಿಂದ ಪಡೆದ, ಮಂದವಾದ, ತುಸು ಸಿಹಿಯಾದ ದ್ರವ. ಇದರ ಕುದಿಬಿಂದು ಸುಮಾರು 290 ಡಿಗ್ರಿ. ಕಣ್ಣಿಗೆ ಕಾಣುವ ದಟ್ಟ ಆವಿ ಇದರಿಂದ ಬರುತ್ತದೆ. ಗ್ಲಿಸರಿನ್ ಪಾಲು ಬಹಳ ಹೆಚ್ಚಾದರೆ ಚಿಕ್ಕ ಸಾಧನಗಳ ಬತ್ತಿಯು ದ್ರವವನ್ನು ಸಾಕಷ್ಟು ಬೇಗ ಹೀರಲಾರದೆ ಒಣಗಿ ಸುಡುತ್ತದೆ. ಅತಿಯಾಗಿ ಕಾದಾಗ ಗ್ಲಿಸರಿನ್ ವಿಘಟನೆಗೊಂಡು ಆಕ್ರೋಲೀನ್, ಫಾರ್ಮಾಲ್ಡಿಹೈಡ್ ಮೊದಲಾದ ಹಾನಿಕರ ವಸ್ತುಗಳು ಉಂಟಾಗುತ್ತವೆ.

ನಿಕೋಟಿನ್: ಹೊಗೆಸೊಪ್ಪಿನ ಗಿಡದಲ್ಲಿರುವ ಆಲ್ಕಲಾಯ್ಡ್. ಪೋರ್ಚುಗಲ್ಲಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜಾನ್ ನಿಕೋ ಎಂಬವನ ಹೆಸರಿನಿಂದ ಇದಕ್ಕೆ ಈ ಹೆಸರು ಬಂದಿದೆ. 1828ರಲ್ಲಿ ಜರ್ಮನಿಯ ಪೊಸೆಲ್ಟ್ ಮತ್ತು ರೈಮಾನ್ ಇದನ್ನು ಮೊದಲ ಬಾರಿಗೆ ಶುದ್ಧರೂಪದಲ್ಲಿ ಬೇರ್ಪಡಿಸಿದರು. ರೈತರು ಬೆಳೆಯ ಕೀಟಗಳಿಗೆ ಹೊಗೆಸೊಪ್ಪಿನ ಕಷಾಯ ಸಿಂಪಡಿಸುತ್ತಿದ್ದುದು ಇದರ ವಿಷಗುಣದ ಕಾರಣದಿಂದಲೇ. ಇದು ಚಟ ಹಿಡಿಸುವ ವಸ್ತು. ಗಾಳಿ ಮತ್ತು ಬೆಳಕಿಗೆ ಒಡ್ಡಿದರೆ ನಿಕೋಟಿನ್ ಹಳದಿಗೂ ಅನಂತರ ಕಂದು ಬಣ್ಣಕ್ಕೂ ತಿರುಗುತ್ತದೆ.

ಸುವಾಸನೆಯ ಸಾರ: ಹಣ್ಣು, ಪುದೀನ, ಕಾಫಿ, ವೆನಿಲಾ ಮೊದಲಾದ ಪರಿಮಳಗಳ ಸಾಂದ್ರ ದ್ರವ. ಇದರ ಪಾಲು ಸಾರದ ತೀಕ್ಷ್ಣತೆಯನ್ನು ಅವಲಂಬಿಸುತ್ತದೆ. ಹಲವು ಮಿಶ್ರಣಗಳಲ್ಲಿ ಅದು ಶೇಕಡ 5ರಿಂದ 15ರಷ್ಟಿರುತ್ತದೆ. ದಾಲ್ಚಿನ್ನಿ ಮತ್ತು ನಿಂಬೆ ಜಾತಿಯ ಕೆಲವು ಸಾರಗಳು ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ಬಿರುಕು ಮೂಡಿಸಬಲ್ಲವು.

ಪ್ರಮಾಣದ ಲೆಕ್ಕ

ನಿಕೋಟಿನ್ ಸಾಂದ್ರತೆಯನ್ನು ಒಂದು ಮಿಲಿಲೀಟರಿನಲ್ಲಿರುವ ಮಿಲಿಗ್ರಾಂಗಳಲ್ಲಿ ಹೇಳುತ್ತಾರೆ. ಕೆಲವು ಸೀಸೆಗಳ ಮೇಲೆ ಇದನ್ನೇ ಶೇಕಡಾವಾರಾಗಿ ಬರೆದಿರುತ್ತದೆ. ಶೇಕಡ 1.8 ಎಂದರೆ ಮಿಲಿಲೀಟರಿಗೆ 18 ಮಿಲಿಗ್ರಾಂ. ಈ ಎರಡು ಮಾನಗಳನ್ನು ಒಂದೆಂದು ಭಾವಿಸಿದರೆ ಹತ್ತು ಪಟ್ಟು ವ್ಯತ್ಯಾಸವಾಗುತ್ತದೆ.

ಬೇಕಾದ ಸಾಂದ್ರತೆಯನ್ನು ಒಟ್ಟು ಗಾತ್ರದಿಂದ ಗುಣಿಸಿ, ಬಂದ ಮೊತ್ತವನ್ನು ಮೂಲ ನಿಕೋಟಿನ್ ದ್ರವದ ಸಾಂದ್ರತೆಯಿಂದ ಭಾಗಿಸಿದರೆ ಎಷ್ಟು ಮೂಲದ್ರವ ಬೇಕೆಂಬುದು ತಿಳಿಯುತ್ತದೆ. ಉದಾಹರಣೆಗೆ, ಮಿಲಿಲೀಟರಿಗೆ 3 ಮಿಲಿಗ್ರಾಂ ನಿಕೋಟಿನ್ ಇರುವ 60 ಮಿಲಿಲೀಟರ್ ದ್ರವ ಬೇಕೆಂದೂ ಮೂಲದ್ರವದ ಸಾಂದ್ರತೆ 18 ಮಿಲಿಗ್ರಾಂ ಎಂದೂ ಇಟ್ಟುಕೊಳ್ಳಬಹುದು. 3ನ್ನು 60ರಿಂದ ಗುಣಿಸಿದರೆ 180. ಅದನ್ನು 18ರಿಂದ ಭಾಗಿಸಿದರೆ 10. ಆದ್ದರಿಂದ 10 ಮಿಲಿಲೀಟರ್ ಮೂಲದ್ರವ ಬೇಕು.

ಇದೇ ಮಿಶ್ರಣದಲ್ಲಿ ಗ್ಲಿಸರಿನ್ ಶೇಕಡ 70, ಪ್ರೊಪಿಲೀನ್ ಗ್ಲೈಕಾಲ್ ಶೇಕಡ 30 ಇರಬೇಕೆಂದಾದರೆ ಅವು ಕ್ರಮವಾಗಿ 42 ಮತ್ತು 18 ಮಿಲಿಲೀಟರ್ ಆಗುತ್ತವೆ. ಮೂಲದ್ರವದಲ್ಲಿ ಎರಡೂ ಸಮಪಾಲಾಗಿದ್ದರೆ ಅದರಿಂದಲೇ ತಲಾ 5 ಮಿಲಿಲೀಟರ್ ಬಂದಿರುತ್ತದೆ. ಸುವಾಸನೆಯ ಸಾರವು ಪ್ರೊಪಿಲೀನ್ ಗ್ಲೈಕಾಲಿನಲ್ಲಿ ಕರಗಿರುವುದಾಗಿದ್ದು, ಅದರ ಪಾಲು ಶೇಕಡ 10 ಆದರೆ ಅದು 6 ಮಿಲಿಲೀಟರ್. ಇವನ್ನು ಕಳೆದರೆ ಹೊಸದಾಗಿ ಸೇರಿಸಬೇಕಾದುದು 37 ಮಿಲಿಲೀಟರ್ ಗ್ಲಿಸರಿನ್ ಮತ್ತು 7 ಮಿಲಿಲೀಟರ್ ಪ್ರೊಪಿಲೀನ್ ಗ್ಲೈಕಾಲ್. ಹತ್ತು, ಆರು, ಮೂವತ್ತೇಳು ಮತ್ತು ಏಳನ್ನು ಕೂಡಿಸಿದರೆ 60 ಬರುತ್ತದೆ. ಹೀಗೆ ಮೊತ್ತವನ್ನು ತಾಳೆ ನೋಡುವುದು ಲೆಕ್ಕ ಸರಿಯಿದೆಯೇ ಎಂದು ತಿಳಿಯುವ ಸುಲಭ ಮಾರ್ಗ.

ಮೂಲದ್ರವವು ತೀಕ್ಷ್ಣವಾದಷ್ಟೂ ಅಳತೆಯ ತಪ್ಪು ದುಬಾರಿಯಾಗುತ್ತದೆ. ಮೇಲಿನ ಮಿಶ್ರಣಕ್ಕೆ 18 ಮಿಲಿಗ್ರಾಮಿನ ಮೂಲದ್ರವ ಒಂದು ಮಿಲಿಲೀಟರ್ ಹೆಚ್ಚಾಗಿ ಬಿದ್ದರೆ ಅಂತಿಮ ಸಾಂದ್ರತೆ ಸುಮಾರು 0.25 ಮಿಲಿಗ್ರಾಂ ಮಾತ್ರ ಏರುತ್ತದೆ. ಅಮೆರಿಕದಲ್ಲಿ ದೊರೆಯುವ 100 ಮಿಲಿಗ್ರಾಮಿನ ಮೂಲದ್ರವವಾದರೆ ಅದೇ ತಪ್ಪಿನಿಂದ ಸುಮಾರು 1.6 ಮಿಲಿಗ್ರಾಂ ಏರಿ, ದ್ರವವು ಉದ್ದೇಶಿಸಿದ್ದಕ್ಕಿಂತ ಒಂದೂವರೆ ಪಟ್ಟು ತೀಕ್ಷ್ಣವಾಗುತ್ತದೆ.

ಬೆರೆಸುವ ಕ್ರಮ

ಅಳೆಯಲು ಎರಡು ವಿಧಾನಗಳಿವೆ. ಮೊದಲನೆಯದು ಸಿರಿಂಜಿನಿಂದ ಗಾತ್ರವನ್ನು ಅಳೆಯುವುದು. ಮಂದವಾದ ಗ್ಲಿಸರಿನ್ ಸಿರಿಂಜಿನ ಗೋಡೆಗೆ ಅಂಟಿಕೊಳ್ಳುವುದರಿಂದ ಇದರಲ್ಲಿ ನಿಖರತೆ ತಗ್ಗುತ್ತದೆ. ಎರಡನೆಯದು ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರಿಸುವ ಇಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಸೀಸೆಯನ್ನಿಟ್ಟು ಒಂದೊಂದಾಗಿ ಸುರಿಯುತ್ತ ತೂಗುವುದು. ಒಂದು ಮಿಲಿಲೀಟರ್ ಗ್ಲಿಸರಿನ್ ಸುಮಾರು 1.26 ಗ್ರಾಂ, ಪ್ರೊಪಿಲೀನ್ ಗ್ಲೈಕಾಲ್ ಸುಮಾರು 1.04 ಗ್ರಾಂ ತೂಗುತ್ತದೆ. ಹನಿ ಎಣಿಸುವ ಪದ್ಧತಿ ನಂಬಲರ್ಹವಲ್ಲ. ಹನಿಯ ಗಾತ್ರವು ಕೊಳವೆಯ ಬಾಯಿ ಮತ್ತು ದ್ರವದ ಮಂದತೆಗೆ ತಕ್ಕಂತೆ ಬದಲಾಗುತ್ತದೆ.

ಹೊಸಬರು ಮೊದಲು ನಿಕೋಟಿನ್ ಇಲ್ಲದೆ, 10 ಮಿಲಿಲೀಟರಿನಂಥ ಚಿಕ್ಕ ಪ್ರಮಾಣದಲ್ಲಿ, ಒಂದೇ ಸಾರದಿಂದ ಬೆರೆಸಿ ಅಳತೆಯ ಅಭ್ಯಾಸ ಮಾಡಿಕೊಳ್ಳುವುದು ವಾಡಿಕೆ. ಘಟಕಗಳನ್ನು ಸೇರಿಸಿ ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿದ ಮೇಲೆ ಕೆಲವು ಮಿಶ್ರಣಗಳನ್ನು ಕತ್ತಲೆಯ ತಂಪು ಜಾಗದಲ್ಲಿ ಮಾಗಲು ಬಿಡುತ್ತಾರೆ. ಹಣ್ಣಿನ ಪರಿಮಳದವು ಒಂದೆರಡು ದಿನಗಳಲ್ಲಿ ಹದಕ್ಕೆ ಬರುತ್ತವೆ. ಕೆನೆ, ವೆನಿಲಾ ಮತ್ತು ಹೊಗೆಸೊಪ್ಪಿನ ಪರಿಮಳದವಕ್ಕೆ ಕೆಲವು ವಾರಗಳು ಹಿಡಿಯುತ್ತವೆ. ಸೀಸೆಯ ಮೇಲೆ ಘಟಕಗಳು, ನಿಕೋಟಿನ್ ಸಾಂದ್ರತೆ ಮತ್ತು ತಯಾರಿಸಿದ ದಿನಾಂಕವನ್ನು ಬರೆದಿಡುವುದು ಅಗತ್ಯ. ನಿಕೋಟಿನ್ ಇರುವ ದ್ರವವೂ ಇಲ್ಲದ ದ್ರವವೂ ನೋಟದಲ್ಲಿ ಒಂದೇ ರೀತಿ ಇರುತ್ತವೆ.

ಅಪಾಯಗಳು

ನಿಕೋಟಿನ್ ವಿಷಬಾಧೆ: ನಿಕೋಟಿನ್ ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ. ಒದ್ದೆಯಾದ ಹಸಿ ಹೊಗೆಸೊಪ್ಪಿನ ಎಲೆಗಳನ್ನು ಕೀಳುವ ಕೃಷಿ ಕಾರ್ಮಿಕರಲ್ಲಿ ವಾಕರಿಕೆ, ವಾಂತಿ, ತಲೆಸುತ್ತು ಕಾಣಿಸಿಕೊಳ್ಳುವುದು ಇದರಿಂದಲೇ. ಆದಕಾರಣ ಕೈಗವಸು ಮತ್ತು ಕನ್ನಡಕ ಧರಿಸಿ, ಗಾಳಿಯಾಡುವ ಕೋಣೆಯಲ್ಲಿ, ಅಡುಗೆಯ ಪಾತ್ರೆಗಳಿಂದ ದೂರದಲ್ಲಿ ಬೆರೆಸಬೇಕು. ಮೈಮೇಲೆ ಚೆಲ್ಲಿದರೆ ಆ ಬಟ್ಟೆಯನ್ನು ತೆಗೆದು ಸಾಬೂನು ಮತ್ತು ನೀರಿನಿಂದ ಚೆನ್ನಾಗಿ ತೊಳೆಯಬೇಕು. ನುಂಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಕ್ಕಳಿಗೆ ಅಪಾಯ ಹೆಚ್ಚು. ಹಣ್ಣಿನ ವಾಸನೆಯ ಬಣ್ಣದ ಸೀಸೆ ಅವರನ್ನು ಸೆಳೆಯುತ್ತದೆ. ಅಮೆರಿಕದ ವಿಷಮಾಹಿತಿ ಕೇಂದ್ರಗಳಿಗೆ ಇ-ಸಿಗರೇಟಿಗೆ ಸಂಬಂಧಿಸಿ ಬಂದ ಕರೆಗಳು 2010ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ ಒಂದಿದ್ದುದು 2014ರ ಫೆಬ್ರವರಿಯಲ್ಲಿ 215ಕ್ಕೆ ಏರಿತ್ತು. ಅರ್ಧಕ್ಕಿಂತ ಹೆಚ್ಚಿನವು ಐದು ವರ್ಷಕ್ಕಿಂತ ಕಿರಿಯ ಮಕ್ಕಳ ಕುರಿತಾಗಿದ್ದವು. 2014ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಫೋರ್ಟ್ ಪ್ಲೇನ್ ಎಂಬಲ್ಲಿ ಒಂದು ಮಗು ದ್ರವ ನಿಕೋಟಿನ್ ನುಂಗಿ ಮರಣಹೊಂದಿತು. ಮಕ್ಕಳು ತೆರೆಯಲಾಗದ ಮುಚ್ಚಳವನ್ನು ಕಡ್ಡಾಯಗೊಳಿಸುವ ಕಾನೂನು ಅಲ್ಲಿ 2016ರಲ್ಲಿ ಜಾರಿಗೆ ಬಂದಿತು. ಮನೆಯಲ್ಲಿ ಬೆರೆಸಿ ಸಾಮಾನ್ಯ ಸೀಸೆಗೆ ತುಂಬಿಟ್ಟ ದ್ರವಕ್ಕೆ ಇಂಥ ರಕ್ಷಣೆ ಇರುವುದಿಲ್ಲ.

ಸುವಾಸನೆಗಳ ಅಪಾಯ: ತಿನ್ನಲು ಸುರಕ್ಷಿತವಾದುದೆಲ್ಲ ಉಸಿರಾಡಲು ಸುರಕ್ಷಿತವಲ್ಲ. ಬೆಣ್ಣೆಯ ಪರಿಮಳ ನೀಡುವ ಡೈಅಸಿಟೈಲ್ ಇದಕ್ಕೆ ಪ್ರಸಿದ್ಧ ನಿದರ್ಶನ. ಅದು ಆಹಾರದಲ್ಲಿ ಬಳಕೆಯಲ್ಲಿದೆ. ಆದರೆ ಅಮೆರಿಕದ ಮಿಸ್ಸೂರಿ ರಾಜ್ಯದ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ಅದರ ಆವಿಯನ್ನು ಉಸಿರಾಡಿದ ಕೆಲಸಗಾರರಿಗೆ ಶ್ವಾಸಕೋಶದ ಕಿರುನಾಳಗಳು ಶಾಶ್ವತವಾಗಿ ಕಿರಿದಾಗುವ ರೋಗ ತಗುಲಿದ್ದು 2000ದಲ್ಲಿ ಬೆಳಕಿಗೆ ಬಂದಿತು. ಅಡುಗೆಮನೆಯ ಎಣ್ಣೆ ಆಧಾರಿತ ಎಸೆನ್ಸುಗಳನ್ನು ಯಾವ ಕಾರಣಕ್ಕೂ ಬೆರೆಸಬಾರದು. ಶ್ವಾಸಕೋಶ ಸೇರಿದ ಎಣ್ಣೆ ಒಂದು ಬಗೆಯ ನ್ಯುಮೋನಿಯಾಕ್ಕೆ ಕಾರಣವಾಗಬಲ್ಲದು. ಅಮೆರಿಕದಲ್ಲಿ 2019-20ರಲ್ಲಿ ಹಬ್ಬಿದ ಶ್ವಾಸಕೋಶದ ತೀವ್ರ ಕಾಯಿಲೆಯಲ್ಲಿ 2020ರ ಫೆಬ್ರವರಿಯವರೆಗೆ 2,807 ಮಂದಿ ಆಸ್ಪತ್ರೆ ಸೇರಿದ ಅಥವಾ ಮರಣಹೊಂದಿದ ಪ್ರಕರಣಗಳು ವರದಿಯಾದವು; ಅವರಲ್ಲಿ ಸತ್ತವರು 68. ಗಾಂಜಾದ ಸತ್ವವಿರುವ ದ್ರವಗಳಿಗೆ ಸೇರಿಸಿದ್ದ ಎಣ್ಣೆಯಂಥ ವಸ್ತುವಾದ ವಿಟಮಿನ್ ಇ ಅಸಿಟೇಟ್ ಈ ಕಾಯಿಲೆಯೊಂದಿಗೆ ಬಲವಾದ ಸಂಬಂಧ ಹೊಂದಿದೆಯೆಂದು ತಿಳಿದುಬಂದಿತು.

ಅಶುದ್ಧ ಘಟಕಗಳು: ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಔಷಧ ದರ್ಜೆಯವಾಗಿರಬೇಕು. ಕೈಗಾರಿಕಾ ದರ್ಜೆಯವುಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿರುವ ಸಾಧ್ಯತೆ ಇದೆ. ಅದು ಮೂತ್ರಪಿಂಡಗಳನ್ನು ಕೆಡಿಸುತ್ತದೆ. 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಇಂಥ ಕಲಬೆರಕೆಯ ಗ್ಲಿಸರಿನ್ ಸೇವಿಸಿದ 14 ರೋಗಿಗಳು ಮರಣಹೊಂದಿದರು. ನ್ಯಾಯಮೂರ್ತಿ ಲೆಂಟಿನ್ ಆಯೋಗವು ಆ ದುರಂತದ ತನಿಖೆ ನಡೆಸಿತು. ಅದು ಇ-ದ್ರವಕ್ಕೆ ಸಂಬಂಧಿಸಿದ ಘಟನೆಯಲ್ಲವಾದರೂ, ಕಣ್ಣಿಗೆ ಕಾಣದ ಕಲಬೆರಕೆಯ ಪರಿಣಾಮವನ್ನು ತಿಳಿಸುತ್ತದೆ. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಪರೀಕ್ಷಿಸಿದ ಇ-ಸಿಗರೇಟಿನ ದ್ರವಕೋಶಗಳಲ್ಲೊಂದರಲ್ಲಿ ಇದೇ ವಿಷ ಪತ್ತೆಯಾಗಿತ್ತು.

ಕಾನೂನಿನ ಸ್ಥಿತಿ

ಬ್ರಿಟನ್ನಿನಲ್ಲಿ 2016ರ ನಿಯಮಗಳು ಮಾರಾಟಕ್ಕಿಡುವ ನಿಕೋಟಿನ್ ದ್ರವದ ಗಾತ್ರ, ಸಾಂದ್ರತೆ ಮತ್ತು ಸೀಸೆಯ ಸ್ವರೂಪವನ್ನು ನಿಯಂತ್ರಿಸುತ್ತವೆ. ಬಣ್ಣ, ವಿಟಮಿನ್, ಕೆಫೀನ್ ಮೊದಲಾದವನ್ನು ಅಂಥ ದ್ರವಕ್ಕೆ ಸೇರಿಸುವಂತಿಲ್ಲ. ಸ್ವಂತ ಬಳಕೆಗೆ ಬೆರೆಸಿಕೊಳ್ಳುವ ವಯಸ್ಕರಿಗೆ ಅಲ್ಲಿ ಅಡ್ಡಿಯಿಲ್ಲ.

ಕರ್ನಾಟಕ ಸರ್ಕಾರವು 2016ರಲ್ಲಿಯೇ ರಾಜ್ಯದಲ್ಲಿ ಇ-ಸಿಗರೇಟುಗಳನ್ನು ನಿಷೇಧಿಸಿತ್ತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದರ ಸ್ಥಾನದಲ್ಲಿ ಕಾಯಿದೆ ಬಂದಿತು. ನಿಕೋಟಿನ್ ಇರಲಿ, ಇಲ್ಲದಿರಲಿ, ವಸ್ತುವೊಂದನ್ನು ಕಾಯಿಸಿ ಉಸಿರಾಡಲು ಆವಿ ನೀಡುವ ಇಲೆಕ್ಟ್ರಾನಿಕ್ ಸಾಧನವು ಈ ಕಾಯಿದೆಯ ವ್ಯಾಖ್ಯೆಯೊಳಗೆ ಬರುತ್ತದೆ. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ ಮತ್ತು ಜಾಹೀರಾತು ನಿಷಿದ್ಧ. ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪುನರಾವರ್ತಿತ ಅಪರಾಧಕ್ಕೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಐದು ಲಕ್ಷ ರೂಪಾಯಿವರೆಗೆ ದಂಡವಿದೆ. ಸಂಗ್ರಹಿಸಿಡುವುದಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಆದುದರಿಂದ ಬ್ರಿಟನ್ ಅಥವಾ ಅಮೆರಿಕದಲ್ಲಿ ಕೊಂಡ ಸಾಧನವನ್ನು ಪ್ರಯಾಣಿಕರು ಭಾರತಕ್ಕೆ ತರುವಂತಿಲ್ಲ.