ಪಟ್ಟಿಣಿ ಜಾಥಾ

ತ್ರಿಪ್ಪುಣಿತ್ತುರದಲ್ಲಿ ನೆಲೆಸಿ ಕೊಚ್ಚಿಯ ಕಚೇರಿಗಳಿಗೆ ಹೋಗಿಬರುವ ನಮ್ಮಂಥ ಕನ್ನಡಿಗರಿಗೆ ಜಾಥಾ ಹೊಸತಲ್ಲ. ಬಸ್ಸು ನಿಂತರೆ ಗೊಣಗುತ್ತಲೇ ಇಳಿದು ನಡೆಯುತ್ತೇವೆ. ಆದರೆ ಕೆಲಸವಿಲ್ಲದವರು ಈ ಸೀಮೆಯಲ್ಲಿ ನಡೆಸಿದ ಒಂದು ಹಳೆಯ ಜಾಥಾದ ಎಳೆ ಕನ್ನಡ ನಾಡಿಗೂ ತಾಕುತ್ತದೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಅದು 1936ನೆಯ ಇಸವಿ. ದಕ್ಷಿಣ ಕನ್ನಡದಂತೆ ಮಲಬಾರೂ ಆಗ ಮದರಾಸು ಪ್ರಾಂತ್ಯದ ಒಂದು ಜಿಲ್ಲೆ. ಜಗತ್ತಿನ ಆರ್ಥಿಕ ಮುಗ್ಗಟ್ಟಿನಿಂದ ತೆಂಗು, ಮೆಣಸುಗಳ ಬೆಲೆ ಕುಸಿದು ಬಡವರ ಒಲೆ ಆರಿತ್ತು. ಕಣ್ಣೂರಿನ ಬಳಿಯ ಪೆರಳಶ್ಶೇರಿಯವರಾದ ಎ. ಕೆ. ಗೋಪಾಲನ್ ಮೊದಲು ಶಾಲಾ ಮಾಸ್ತರರು. ಆಮೇಲೆ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದವರು. ಅವರ ಮುಂದಾಳುತನದಲ್ಲಿ ಒಂದು ಸಣ್ಣ ತಂಡ ಕಣ್ಣೂರಿನಿಂದ ಮದರಾಸಿಗೆ ಸುಮಾರು 750 ಮೈಲಿ ಕಾಲ್ನಡಿಗೆಯಲ್ಲಿ ಹೊರಟಿತು. ಮಲಯಾಳಿಗಳು ಇದನ್ನು ಪಟ್ಟಿಣಿ ಜಾಥಾ, ಅಂದರೆ ಹಸಿವಿನ ಜಾಥಾ, ಎಂದು ಕರೆದರು.

ಅಂಚೆಯಲ್ಲಿ ಬಂದ ಅರ್ಜಿ ಎಷ್ಟು ದಿನ ಕಡತದಲ್ಲಿ ಮಲಗಬಲ್ಲದೆಂದು ಗುಮಾಸ್ತರಾದ ನಾವು ಬಲ್ಲೆವು. ನಡೆದು ಬಂದ ಅರ್ಜಿಯನ್ನು ಹಾಗೆ ಮಲಗಿಸಲಾಗದು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಜ್ಯಾರೋ ಪಟ್ಟಣದ ಸುಮಾರು 200 ನಿರುದ್ಯೋಗಿಗಳೂ ಮನವಿ ಹೊತ್ತು ಲಂಡನ್ನಿಗೆ ನಡೆದರು. ಪ್ರಧಾನಿ ಬಾಲ್ಡ್ವಿನ್ ಅವರನ್ನು ಕಾಣಲೊಪ್ಪಲಿಲ್ಲ. ಆಳುವವರ ನಾಡಿನಲ್ಲೂ ಆಳಿಸಿಕೊಂಡವರ ನಾಡಿನಲ್ಲೂ ಹಸಿವಿನ ಭಾಷೆ ಒಂದೇ ಆಗಿತ್ತು.

ಪಟ್ಟಿಣಿ ಜಾಥಾದಿಂದ ನಿರುದ್ಯೋಗ ನೀಗಲಿಲ್ಲ ನಿಜ. ಆದರೆ ಕೆಲಸವಿಲ್ಲದಿರುವುದು ಹಣೆಬರಹವಲ್ಲ, ಸರಕಾರ ಉತ್ತರಿಸಬೇಕಾದ ಪ್ರಶ್ನೆ ಎಂಬ ಮಾತು ದಾರಿಯುದ್ದಕ್ಕೂ ಊರೂರಿಗೆ ಮುಟ್ಟಿತು.

ಇನ್ನು ಕನ್ನಡ ನಾಡಿನ ಎಳೆಗೆ ಬರೋಣ. ಗೋಪಾಲನ್ 1957, 1962 ಮತ್ತು 1967ರಲ್ಲಿ ಲೋಕಸಭೆಗೆ ಆರಿಸಿ ಬಂದದ್ದು ಕಾಸರಗೋಡು ಕ್ಷೇತ್ರದಿಂದ. ಕನ್ನಡಿಗರೂ ಅವರ ಮತದಾರರಾಗಿದ್ದರು. ಐವತ್ತರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿ ನೌಕರರು ಬೀದಿಗೆ ಬಿದ್ದಾಗ, ಅವರೇ ಸಹಕಾರ ಸಂಘ ಕಟ್ಟಿ ಕಾಫಿ ಹೌಸು ನಡೆಸಲಿ ಎಂದು ಬೆನ್ನಿಗೆ ನಿಂತವರು ಗೋಪಾಲನ್. ಅಂಥ ಮೊದಲ ಸಂಘ 1957ರ ಆಗಸ್ಟಿನಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, ಮರುವರ್ಷ ತ್ರಿಶ್ಶೂರಿನಲ್ಲಿ. ಕೆಲಸ ಕೇಳುವುದು ಮೊದಲ ಹೆಜ್ಜೆಯಾದರೆ, ಕೆಲಸವನ್ನು ತಮ್ಮ ಕೈಯಲ್ಲೇ ಉಳಿಸಿಕೊಳ್ಳುವುದು ಎರಡನೆಯದು.

ಗೋಪಾಲನ್ 1977ರಲ್ಲಿ ತೀರಿಕೊಂಡರು. ಪ್ರಶ್ನೆ ತೀರಲಿಲ್ಲ. 2021ರಲ್ಲಿ, ಅವರ ಪಕ್ಷವೇ ಅಧಿಕಾರದಲ್ಲಿದ್ದಾಗ, ಲೋಕಸೇವಾ ಆಯೋಗದ ಪಟ್ಟಿಯಲ್ಲಿ ಹೆಸರಿದ್ದೂ ನೇಮಕ ಸಿಗದ ಯುವಕ ಯುವತಿಯರು ತಿರುವನಂತಪುರದ ಸಚಿವಾಲಯದ ಮುಂದೆ ಮೊಣಕಾಲೂರಿ ನಡೆದರು. ತಿಂಗಳ ಸಂಬಳವಿರುವ ನಾವು ಮುಂದಿನ ಜಾಥಾಕ್ಕಾಗಿ ಬಸ್ಸಿಳಿಯಬೇಕಾದಾಗ, ಗೊಣಗುವ ಮೊದಲು ಅವರು ಏನು ಕೇಳುತ್ತಿದ್ದಾರೆಂದು ಒಂದು ಗಳಿಗೆ ಕಿವಿಗೊಡೋಣ.