ವಾದಿಯ ನೀರು ಮತ್ತು ಸರದಿಯ ಧರ್ಮ



ಒಮಾನಿನಲ್ಲಿ ನಮ್ಮ ತುಂಗೆ, ನೇತ್ರಾವತಿಗಳಂತಹ ನದಿಗಳಿಲ್ಲ. ಹಜರ್ ಪರ್ವತಶ್ರೇಣಿಯಿಂದ ಇಳಿಯುವ ವಾದಿಗಳೇ ಇಲ್ಲಿನ ಹೊಳೆಗಳು. ಮಳೆ ಸುರಿದ ದಿನ ಅವು ಭೋರ್ಗರೆಯುತ್ತವೆ. ಉಳಿದ ಕಾಲದಲ್ಲಿ ಬಹುಪಾಲು ಬರಿಯ ಕಲ್ಲುಹಾಸು. ವಾದಿ ಬನಿ ಖಾಲಿದ್, ವಾದಿ ಶಾಬ್‌ಗಳಂತಹ ಕೆಲವೆಡೆ ಮಾತ್ರ ಮಡುಗಳು ವರ್ಷವಿಡೀ ಬತ್ತುವುದಿಲ್ಲ. ರಜಾದಿನಗಳಲ್ಲಿ ನಾವು ಬುತ್ತಿ ಕಟ್ಟಿಕೊಂಡು ವಿಹಾರಕ್ಕೆ ಹೋಗುವುದು ಅಲ್ಲಿಗೇ.

ಈ ವಿರಳ ಜಲವನ್ನು ಊರಿಗೆ ತರುವ ಕಾಲುವೆಗೆ ಫಲಜ್ ಎಂದು ಹೆಸರು. ಸುಮಾರು 3000 ಫಲಜ್‌ಗಳು ಇಂದಿಗೂ ಬಳಕೆಯಲ್ಲಿವೆ. ನಿಜ್ವಾದ ಫಲಜ್ ದಾರಿಸ್ ಸೇರಿದಂತೆ ಐದನ್ನು ಯುನೆಸ್ಕೊ 2006ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹಗಲಿನಲ್ಲಿ ನೆರಳನ್ನೂ ಇರುಳಿನಲ್ಲಿ ನಕ್ಷತ್ರಗಳನ್ನೂ ನೋಡಿ ರೈತರು ತಮ್ಮ ಪಾಲಿನ ಹೊತ್ತನ್ನು ಅಳೆಯುತ್ತಿದ್ದರು.

ವೈದ್ಯನಾದ ನನ್ನನ್ನು ಆಕರ್ಷಿಸಿದ್ದು ಅದರ ಸರದಿ. ಕಾಲುವೆ ಊರು ಹೊಕ್ಕೊಡನೆ ಮೊದಲ ನೀರು ಕುಡಿಯುವುದಕ್ಕೆ. ಅನಂತರ ಮಸೀದಿಗೆ, ಸ್ನಾನಕ್ಕೆ. ಆಮೇಲೆ ಖರ್ಜೂರದ ತೋಟಕ್ಕೆ. ಕಟ್ಟಕಡೆಗೆ ಹಂಗಾಮಿನ ಬೆಳೆಗೆ. ರೋಗಾಣುಗಳ ಹೆಸರನ್ನು ಲೋಕ ಕೇಳುವುದಕ್ಕೆ ಮುನ್ನವೇ ರೂಪುಗೊಂಡ ಆರೋಗ್ಯಶಾಸ್ತ್ರವಿದು.

ಬೆಟ್ಟದವರ ಊಟದ ಮೀನು ಕಡಲಿನಿಂದ ಬರುತ್ತಿತ್ತು. ಒಣಮೀನು ಒಂಟೆಯೇರಿ ಒಳನಾಡಿಗೆ, ಖರ್ಜೂರ ಕರಾವಳಿಗೆ; ನಮ್ಮ ಘಟ್ಟದ ಮೇಲಿನವರಿಗೂ ಇಂತಹ ವ್ಯಾಪಾರ ಹೊಸತಲ್ಲ. ಮಡುಗಳಲ್ಲಿರುವುದು ಮಕ್ಕಳ ಕಾಲಿಗೆ ಮುತ್ತಿಕ್ಕುವ ಬೆರಳುದ್ದದ ಗರ್ರಾ ಮೀನು. ಅಲ್ ಹೂತಾ ಗುಹೆಯ ಕತ್ತಲಲ್ಲಿ ಇದೇ ಮೀನು ಕಣ್ಣನ್ನೂ ಬಣ್ಣವನ್ನೂ ಕಳೆದುಕೊಂಡು ಬಾಳುತ್ತಿದೆ. ಗರ್ರಾ ಕುಲದ ಮೀನುಗಳು ಪಶ್ಚಿಮಘಟ್ಟದ ಹೊಳೆಗಳಲ್ಲಿಯೂ ಉಂಟು. ಉಪ್ಪುನೀರನ್ನು ದಾಟಲಾರದ ಈ ಜೀವಿಯ ದಾಯಾದಿಗಳು ಕಡಲಿನ ಎರಡೂ ದಡದಲ್ಲಿರುವುದು ಸೋಜಿಗವಲ್ಲವೇ? ಶೃಂಗೇರಿಯ ತುಂಗೆಯಲ್ಲಿ ಮೀನನ್ನು ಭಕ್ತಿ ಕಾಯುತ್ತದೆ. ಇಲ್ಲಿ ಬೇಸಿಗೆಯಲ್ಲಿ ಕುಗ್ಗುವ ಒಂದು ಮಡುವೇ ಅದರ ಸಮಸ್ತ ಲೋಕ. ಅಲ್ಲಿ ಕರಗಿದ ಸಾಬೂನು ಹರಿದುಹೋಗಲು ದಾರಿಯಿಲ್ಲ.

ವಾದಿಗೆ ಮತ್ತೊಂದು ಮುಖವುಂಟು. ದೂರದ ಬೆಟ್ಟದ ಮಳೆ, ಇಲ್ಲಿ ಬಿಸಿಲಿರುವಾಗಲೇ ಪ್ರವಾಹವಾಗಿ ಬರಬಲ್ಲದು. 2024ರ ಏಪ್ರಿಲ್‌ನಲ್ಲಿ ಸಮದ್ ಅಲ್ ಶಾನ್‌ನಲ್ಲಿ ಶಾಲಾಮಕ್ಕಳಿದ್ದ ವಾಹನವೇ ಕೊಚ್ಚಿಹೋಯಿತು. ಮೋಡ ಕವಿದರೆ ಬುತ್ತಿಯನ್ನು ಬಿಟ್ಟಾದರೂ ಮೇಲೇರಬೇಕು; ಹರಿಯುವ ವಾದಿಗೆ ಕಾರು ಇಳಿಸಲೇಬಾರದು.

ಬಂಧುಗಳೇ, ಕುಡಿಯುವವರು, ಬೆಳೆಯುವವರು, ಮೀನು, ಇವರೆಲ್ಲರ ಹಿಂದೆ ವಿಹಾರಕ್ಕೆ ಬಂದ ನಮ್ಮ ಸರದಿ. ಮಕ್ಕಳಿಗೆ ಈಜು ಕಲಿಸುವಾಗ ಈ ಸರದಿಯನ್ನೂ ಕಲಿಸೋಣ ಎಂಬುದು ನನ್ನ ಅರಿಕೆ.